ಹನ್ನೊಂದು ತಿರುಗುಕುರ್ಚಿ

ಹಾಸನದ ಕಾಲೇಜು, ಮೂರನೇ ಮಹಡಿ,
ಕಿಟಕಿಗೆ ಕಪ್ಪು ಬಟ್ಟೆ.
ಜಟಕಾ ಕುದುರೆಗೆ ಕಣ್ಪಟ್ಟಿ ಬಿಗಿದ ಹಾಗೆ
ಹೆಡ್‌ಸೆಟ್ಟು ಬಿಗಿದುಕೊಂಡು ಕೂತೆವು ಹನ್ನೊಂದು ಜನ.
ಯಾರೋ ಗುಂಡಿ ಒತ್ತಿದರು. ಕೊಣನೂರು ಬಂತು.

ಮೊದಲು ಬಂದದ್ದು ಕೈ, ನನ್ನದಲ್ಲದ್ದು:
ಎರಡು ಸಣ್ಣ ಬಳೆ, ಉಗುರಂಚಿಗೆ ಮಾಸಿದ ಮದರಂಗಿ,
ನನ್ನ ತೊಡೆ ಇರಬೇಕಾದಲ್ಲಿ
ಡಾಕ್ಟರ್ ಫಹಮೀದಾ ಅವರ ಕೋಟಿನ ಜೇಬು.
ಕ್ಯಾಮೆರಾ ಅವರ ಕೊರಳಲ್ಲಿ ತೂಗುತ್ತಿತ್ತು.
ಅವರು ಉಸಿರೆಳೆದಾಗಲೆಲ್ಲ
ನಾನೂ ಒಂದು ನೂಲು ಮೇಲೇಳುತ್ತಿದ್ದೆ,
ಕಂಕುಳಲ್ಲಿ ಕೂತು ಸಂತೆ ನೋಡುವ ಕೂಸು.

ಎದುರಿಗೆ ಸಣ್ಣತಾಯಮ್ಮ, ಇಪ್ಪತ್ತಾರು.
ಪಕ್ಕದಲ್ಲಿ ಅತ್ತೆ. ಪ್ರಶ್ನೆ ಮುಗಿಯುವ ಮೊದಲೇ ಅವರ ಉತ್ತರ.
"ಹಾಸನದಿಂದ ಹನ್ನೊಂದು ಮಕ್ಳು ನೋಡ್ತಾವ್ರೆ, ಕಲಿಯೋಕೆ.
ಬ್ಯಾಡ ಅಂದ್ರೆ ಈಗ್ಲೇ ಮುಚ್ತೀನಿ."
ಆಕೆ ಸೆರಗು ಸರಿ ಮಾಡಿಕೊಂಡಳು,
ಬಗ್ಗಿ, ನೇರ ನನ್ನ ಕಣ್ಣೊಳಗೆ ಇಣುಕಿ ಕೇಳಿದಳು:
"ಉಂಡ್ರಾ ಎಲ್ಲಾ?"

ನಮ್ಮ ಮೈಕು ಮುಚ್ಚಿತ್ತು. ಅದು ನಿಯಮ.
ಆಕೆ ಸ್ವಲ್ಪ ಹೊತ್ತು ಕಾದಳು.

ಮೂರು ದಿನದಿಂದ ವಾಂತಿ. ಸಂಜೆಗೆ ತಲೆಸುತ್ತು.
ಜ್ವರ ಇಲ್ಲ, ಭೇದಿ ಇಲ್ಲ.
"ತಿಂಗ್ಳು ನಿಂತಿರ್ಬೇಕು." ಅತ್ತೆಯ ದನಿಯಲ್ಲಿ ಆಗಲೇ ತೊಟ್ಟಿಲು.
ಪಟ್ಟಿ ಒದ್ದೆಯಾಯಿತು. ಒಂದೇ ಗೆರೆ.
ಅತ್ತೆಯನ್ನು ಡಾಕ್ಟರ್ ಹೊರಗೆ ಕಳಿಸಿದ ಪರಿ ನೋಡಬೇಕಿತ್ತು:
"ಅಜ್ಜಿ, ನಿಮ್ ಬಿಪಿ ನೋಡಿ ಆರು ತಿಂಗ್ಳಾಯ್ತು,
ಹೋಗಿ, ಸಿಸ್ಟರ್ ಕಾಯ್ತಾವ್ರೆ."
ನಮ್ಮ ಪುಸ್ತಕದಲ್ಲಿ ಇದಕ್ಕೆ ಅಧ್ಯಾಯವಿಲ್ಲ.

ಕುರ್ಚಿಗಳು ಕಿರುಗುಡುತ್ತಿದ್ದವು.
ತೀರ್ಥೇಶ ಬಾಗಿಲಾಚೆಯ ಸಾಲು ಎಣಿಸುತ್ತಿದ್ದ,
ಇನ್ಯಾರೋ ಗೋಡೆಯ ಹಲ್ಲಿಯ ಬೆನ್ನು ಹತ್ತಿದ್ದರು.
ನಾನು ಮನಸ್ಸಿನಲ್ಲೇ ಬರೆದಾಗಿತ್ತು: ಗ್ಯಾಸ್ಟ್ರೈಟಿಸ್.
ಅಡಿಗೆರೆಯನ್ನೂ ಎಳೆದಿದ್ದೆ.

ಆಗ ನೆಟ್‌ವರ್ಕ್ ಹೋಯಿತು.
ಹೋಗಲಿಲ್ಲ, ನಿಂತಿತು.
ನಾಡಿ ನೋಡಲೆಂದು ಆಕೆ ಚಾಚಿದ ಕೈ
ನನ್ನ ಮೂಗಿನ ಮುಂದೆ,
ಚಾಚಿದಲ್ಲೇ.
ನಾಲ್ಕು ನಿಮಿಷ.

ಬೆರಳ ಸಂದಿಯಲ್ಲಿ ಕಪ್ಪು.
ಮಣ್ಣಲ್ಲ, ಮಣ್ಣು ಹೀಗೆ ಮಿರುಗುವುದಿಲ್ಲ.
ಮಸಿಯೂ ಅಲ್ಲ. ಅಂಟು.
ಆಗಸ್ಟು. ತುಂತುರು. ಒದ್ದೆ ಎಲೆ ಮುರಿದು ಮುರಿದು
ಕಡ್ಡಿಗೆ ಕಟ್ಟುವ ಕೈ.
ಅರಕಲಗೂಡು ಸೀಮೆಯ ಹೊಗೆಸೊಪ್ಪು
ಹೊಗೆಯಾಗುವ ಮೊದಲೇ
ಚರ್ಮದಿಂದ ಒಳಗಿಳಿದಿದೆ,
ಎಂದೂ ಸೇದದವಳ ತಲೆ ತಿರುಗಿಸಿದೆ.
ಎಲ್ಲೋ ಒಂದೂವರೆ ಸಾಲು ಓದಿದ್ದೆ,
ಪರೀಕ್ಷೆಗೆ ಬರುವುದಿಲ್ಲವೆಂದು ದಾಟಿದ್ದೆ.

ಚಿತ್ರ ಮರಳಿದಾಗ ಆ ಕುರ್ಚಿಯಲ್ಲಿ ಬೇರೊಬ್ಬ ಕೆಮ್ಮುತ್ತಿದ್ದ.
ಅವನನ್ನೂ ನೋಡಿ ಕಳಿಸಿ, ಬಾಗಿಲು ಹಾಕಿ,
"ಸಣ್ಣತಾಯಮ್ಮಂಗೆ ಏನು? ಹೇಳಿ," ಅಂದರು ಡಾಕ್ಟರ್.
ಮೈಕು ತೆರೆಯಿತು. ಹೇಳಿದೆ. ಸರಿ, ಅಂದರು.
"ಕೆಲಸ ಬಿಡು ಅಂತೀಯಾ ಹಂಗಾದ್ರೆ?
ದಿನಕ್ಕೆ ಮುನ್ನೂರೈವತ್ತು. ಬ್ಯಾರನ್ ತುಂಬೋದು
ಇನ್ನು ಹದಿನೈದೇ ದಿನ."
ತಲೆ ಅಲ್ಲಾಡಿಸಿದೆ,
ಹೌದೆಂದೋ ಅಲ್ಲವೆಂದೋ ನನಗೇ ತಿಳಿಯಲಿಲ್ಲ.

ಅವರು ಚೀಟಿಯಲ್ಲಿ ಬರೆದಿದ್ದರು:
ತುಂಬು ತೋಳಿನ ಅಂಗಿ, ಗಂಡನದಾದರೂ ಸರಿ.
ಕೈಗೆ ಹಾಲಿನ ಕವರು, ದಾರ ಸುತ್ತಿ.
ಎಲೆಯ ನೀರು ಆರಿದ ಮೇಲೆ ಸೊಪ್ಪು ಮುರಿಯುವುದು.
ಉಂಡು ಹೋಗುವುದು.
ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದು ಮಾತ್ರೆ.

"ಅವ್ಳು ಬಾಗ್ಲಲ್ಲಿ ನಿಂತಾಗ್ಲೇ ನಂಗೆ ಗೊತ್ತಾಯ್ತು,
ವಾಸನೆಗೆ. ಅದನ್ನ ಕಳ್ಸೋ ಯಂತ್ರ ಇನ್ನೂ ನಮ್ಮತ್ರ ಇಲ್ಲ.
ಒಂದಿನ ಬಸ್ಸು ಹತ್ತಿ ಬನ್ನಿ."

ಬಿಚ್ಚಿದೆ. ಹಣೆಯ ಮೇಲೆ ಪಟ್ಟಿಯ ಗುರುತು.
ನನ್ನ ಕೈ ವಾಪಸು ಬಂದಿತ್ತು, ರೋಮದ್ದು,
ಯಾರದೋ ಎಂಬಂತೆ ತಿರುಗಿಸಿ ನೋಡಿದೆ.

ಸಣ್ಣತಾಯಮ್ಮ, ತಡವಾಯಿತು. ಮೈಕು ಮುಚ್ಚಿತ್ತು.
ಉಂಡಿದ್ದೆ.
ಹಾಸ್ಟೆಲಿನ ಉಪ್ಪಿಟ್ಟು, ಉಪ್ಪು ಕಡಿಮೆ.
ನೀವು?